ಆ ಚೌಕದಲ್ಲಿ ಗುರುತು ಹಾಕುವವರು ಯಾರು?

ಫಾರ್ಮುಗಳಲ್ಲಿ ಜನಾಂಗ ಕೇಳುವ ಚೌಕದ ಬಗ್ಗೆ ಒಂದು ಸಭೆಯಲ್ಲಿ ಮಾತಾಡಿದ್ದೆ. ಅವತ್ತಿನ ಮಾತನ್ನು ಬರೆದು ಕೊಡಿ ಅಂತ ಬಂದಿದ್ದವರಲ್ಲಿ ಕೆಲವರು ಕೇಳಿದ್ದರು. ಹಾಗಾಗಿ ಈ ಬರಹ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಒಂದಷ್ಟು ಇಸವಿ, ಅಂಕಿಗಳನ್ನು ಸೇರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಅವತ್ತು ಆಡಿದ ಮಾತೇ.

ಪಂಜಾಬಿನಿಂದ 1910ರ ಆಸುಪಾಸಿನಲ್ಲಿ ಅಮೆರಿಕಕ್ಕೆ ಹೋದ ಒಬ್ಬ ಸಿಖ್ ಹುಡುಗನಿಂದ ಶುರು ಮಾಡೋಣ. ಅವನಿಗೆ ಹೆಸರು ಬೇಡ, ಅಂಥವರು ಬೇಕಾದಷ್ಟು ಜನ ಇದ್ದರು. 1920ರಲ್ಲಿ ಜನಗಣತಿಯವರು ಅವನ ಬಾಗಿಲಿಗೆ ಬಂದರು. ಜನಾಂಗ ಅನ್ನುವ ಕಾಲಂನಲ್ಲಿ 'ಹಿಂದೂ' ಅಂತ ಬರೆದುಕೊಂಡರು. ಅವನು ಸಿಖ್. ಆದರೂ ಹಿಂದೂ. ಪಕ್ಕದ ಕೋಣೆಯಲ್ಲಿದ್ದ ಮುಸ್ಲಿಂ ಗೆಳೆಯನೂ ಹಿಂದೂ. ಯಾಕಂದ್ರೆ ಆ ಕಾಲಂನಲ್ಲಿ ಹಿಂದೂ ಅಂದರೆ ಧರ್ಮವಲ್ಲ, ಭಾರತದ ಕಡೆಯಿಂದ ಬಂದವರು ಅಂತಷ್ಟೇ. 1920, 1930, 1940, ಮೂರು ಗಣತಿಗಳಲ್ಲೂ ಹಾಗೇ ನಡೆಯಿತು. ಅದೇ ಮನುಷ್ಯ 1970ರವರೆಗೂ ಬದುಕಿದ್ದರೆ ಆ ವರ್ಷದ ಲೆಕ್ಕದಲ್ಲಿ ಅವನು ಬಿಳಿಯ. ಇನ್ನು ಹತ್ತು ವರ್ಷ ಬದುಕಿದ್ದರೆ 'ಏಷ್ಯನ್ ಇಂಡಿಯನ್'.

ಚರ್ಮ ಅದೇ. ಅಪ್ಪ ಅಮ್ಮ ಅವರೇ. ಅರವತ್ತು ವರ್ಷದಲ್ಲಿ ಮೂರು ಜನಾಂಗ.

ಇದರಲ್ಲಿ ಯಾವುದು ಸರಿ ಅಂತ ನೀವು ಕೇಳಬಹುದು. ನಾನೂ ತುಂಬಾ ದಿನ ಅದನ್ನೇ ಕೇಳಿಕೊಂಡಿದ್ದೆ. ಈಗ ಅನ್ನಿಸೋದು, ಆ ಪ್ರಶ್ನೆ ಅರ್ಧ ಮಾತ್ರ. ಹಣೆಪಟ್ಟಿ ಸರಿಯೋ ತಪ್ಪೋ ಅನ್ನೋದನ್ನು ಸುಮ್ನೆ ಹಾಗೇ ಹೇಳೋಕೆ ಆಗಲ್ಲ. ಅದನ್ನು ಯಾರು ಬರೆದರು, ಯಾವ ಕೆಲಸಕ್ಕೆ ಬರೆದರು ಅಂತ ಗೊತ್ತಾದರೆ ಮಾತ್ರ ಹೇಳಬಹುದು. ಒಂದು ಕೆಲಸಕ್ಕೆ ಸರಿಯಾದದ್ದು ಇನ್ನೊಂದು ಕೆಲಸಕ್ಕೆ ಪೂರ್ತಿ ತಪ್ಪಾಗಬಹುದು. ಒಂದು ಜೀವಕ್ಕೇ ಕುತ್ತು ತರುವಷ್ಟು ತಪ್ಪಾಗಬಹುದು, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನಮ್ಮ ಪದದ ತೊಂದರೆ ಹೇಳಿಬಿಡ್ತೀನಿ. ಇಂಗ್ಲಿಷಿನಲ್ಲಿ ರೇಸ್ ಬೇರೆ, ಎಥ್ನಿಸಿಟಿ ಬೇರೆ. ಕನ್ನಡದಲ್ಲಿ ಎರಡಕ್ಕೂ 'ಜನಾಂಗ' ಅಂತಲೇ ಬರೆಯುತ್ತೇವೆ. ರೇಸ್ ಅಂದರೆ ಹೆಚ್ಚಾಗಿ ಮೈಬಣ್ಣ, ಮುಖ, ಕೂದಲು ನೋಡಿ ಹೊರಗಿನವರು ಮಾಡಿದ ವಿಂಗಡಣೆ. ಎಥ್ನಿಸಿಟಿ ಅಂದರೆ ಒಂದೇ ಭಾಷೆ, ಒಂದೇ ಮೂಲ, ಒಂದೇ ನೆನಪು ಇರುವ ಜನ ತಮ್ಮನ್ನು ತಾವು ಕಂಡುಕೊಳ್ಳುವ ಬಗೆ. ಇಲ್ಲಿ ಮೊದಲನೆಯದಕ್ಕೆ ಜನಾಂಗ ಅಂತಲೂ ಎರಡನೆಯದಕ್ಕೆ ಸಮುದಾಯ ಅಂತಲೂ ಬಳಸುತ್ತೇನೆ. ಗೆರೆ ಯಾವಾಗಲೂ ಅಷ್ಟು ನೇರವಾಗಿರಲ್ಲ, ಆದರೂ ಮಾತು ಮುಂದೆ ಹೋಗಬೇಕಲ್ಲ.

ಈ ವಿಂಗಡಣೆ ಎಲ್ಲಿಂದ ಬಂತು? ಅಮೆರಿಕದ ಕಾಗದಪತ್ರಗಳಲ್ಲಿ ಇವತ್ತಿಗೂ ಬಿಳಿಯರಿಗೆ 'ಕಕೇಷಿಯನ್' ಅನ್ನುವ ಪದ ಕಾಣಿಸುತ್ತದೆ. ಬಹಳ ವೈಜ್ಞಾನಿಕವಾಗಿ ಕೇಳಿಸುತ್ತೆ, ಅಲ್ವಾ? ಅದನ್ನು ಚಾಲ್ತಿಗೆ ತಂದವರು ಜರ್ಮನಿಯ ವಿಜ್ಞಾನಿ ಯೋಹಾನ್ ಬ್ಲೂಮೆನ್‌ಬಾಖ್, 1795ರಲ್ಲಿ. ಅವರ ಬಳಿ ತಲೆಬುರುಡೆಗಳ ದೊಡ್ಡ ಸಂಗ್ರಹ ಇತ್ತು. ಅದರಲ್ಲಿ ಕಾಕಸಸ್ ಬೆಟ್ಟಸಾಲಿನ ಕಡೆಯ, ಜಾರ್ಜಿಯಾದ ಒಬ್ಬ ಹೆಂಗಸಿನ ಬುರುಡೆ ಅವರಿಗೆ ಎಲ್ಲಕ್ಕಿಂತ ಚೆಂದ ಅನ್ನಿಸಿತು. ಅದರಿಂದ ಆ ಹೆಸರು. ಮನುಷ್ಯರನ್ನು ಅವರು ಐದು ಗುಂಪು ಮಾಡಿದರು. ಹಾಗೆ ಮಾಡುತ್ತಲೇ, ಈ ಗುಂಪುಗಳು ಒಂದರೊಳಗೊಂದು ಕರಗಿಹೋಗುತ್ತವೆ, ನಡುವೆ ಗಟ್ಟಿ ಗೆರೆ ಇಲ್ಲ ಅಂತಲೂ ಬರೆದರು. ಆ ಎರಡನೇ ಮಾತನ್ನು ಜನ ಮರೆತರು. ಹೆಸರು ಮಾತ್ರ ಉಳಿದುಬಿಟ್ಟಿತು.

ಆ ಹೆಸರು ಕೋರ್ಟಿಗೆ ಹೋದಾಗ ಏನಾಯಿತು ಅಂತ ನೋಡಿ. ಅಮೆರಿಕದ 1790ರ ಕಾನೂನಿನ ಪ್ರಕಾರ, ಹೊರಗಿನಿಂದ ಬಂದವರು ಪೌರತ್ವ ಪಡೆಯಬೇಕಾದರೆ 'ಸ್ವತಂತ್ರ ಬಿಳಿಯ' ಆಗಿರಬೇಕಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಉಳಿದವರಿಗೆ ದಾರಿ ಇರಲಿಲ್ಲ. ಜಪಾನಿನಿಂದ ಬಂದಿದ್ದ ತಕಾವೊ ಒಜಾವಾ ಅರ್ಜಿ ಹಾಕಿದರು. ಅಲ್ಲೇ ಓದಿದವರು, ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು. ನನ್ನ ಮೈಬಣ್ಣವೂ ಬಿಳಿಯೇ ಅಂತ ವಾದಿಸಿದರು. 1922ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು, ಇಲ್ಲ, ಬಿಳಿಯ ಅಂದರೆ ಬರೀ ಬಣ್ಣ ಅಲ್ಲ, ಕಕೇಷಿಯನ್ ಜನಾಂಗದವರು ಅಂತ ಅರ್ಥ.

ಮೂರು ತಿಂಗಳು ಕಳೆಯಿತು. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಬಂತು. ಪಂಜಾಬಿನ ಸಿಖ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಅಂದಿನ ವಿದ್ವಾಂಸರು ಉತ್ತರ ಭಾರತದವರನ್ನು ಕಕೇಷಿಯನ್ ಗುಂಪಿಗೇ ಸೇರಿಸುತ್ತಿದ್ದರು. ಥಿಂಡ್ ಕಡೆಯವರು ಕೇಳಿದ್ದು ಇಷ್ಟೇ: ಹೋದ ಸಲ ನೀವು ಇಟ್ಟ ಅಳತೆಗೋಲನ್ನೇ ನಮಗೂ ಇಡಿ. ಕೋರ್ಟು ಅಳತೆಗೋಲನ್ನೇ ಬದಲಾಯಿಸಿತು. ವಿದ್ವಾಂಸರು ಏನಾದರೂ ಹೇಳಲಿ, ಬಿಳಿಯ ಅಂದರೆ ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅಂತ ತಿಳಿಯುತ್ತಾನೋ ಅವನು, ಅಷ್ಟೇ. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್.

ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಯಾಕಂದ್ರೆ ಇದು ಪದದ ಜಗಳ ಅಲ್ಲ. ಆ ತೀರ್ಪಾದ ಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದ ಅದನ್ನು ಕಿತ್ತುಕೊಳ್ಳೋಕೆ ಸರ್ಕಾರ ಮುಂದಾಯಿತು. ಕ್ಯಾಲಿಫೋರ್ನಿಯಾದಲ್ಲಿ ಪೌರರಾಗಲು ಅರ್ಹತೆ ಇಲ್ಲದವರು ಜಮೀನು ಇಟ್ಟುಕೊಳ್ಳುವ ಹಾಗಿರಲಿಲ್ಲ, ಹೀಗಾಗಿ ಭಾರತೀಯರ ಜಮೀನಿಗೂ ಕುತ್ತು ಬಂತು. ಥಿಂಡ್ ಅವರಿಗೆ ಕಡೆಗೆ ಪೌರತ್ವ ಸಿಕ್ಕಿತು, 1936ರಲ್ಲಿ. ಅವರು ಬಿಳಿಯ ಅಂತ ಯಾರೋ ಒಪ್ಪಿದ್ದರಿಂದ ಅಲ್ಲ. ಯುದ್ಧದಲ್ಲಿ ಸೇವೆ ಮಾಡಿದವರಿಗೆ ಅಂತ 1935ರಲ್ಲಿ ಬೇರೆ ಕಾನೂನು ಬಂದಿತ್ತು, ಅದರಿಂದ.

ಈಗ ಬರೆಯುವವರ ಕಡೆಗೆ ಬರೋಣ. 1950ರವರೆಗೂ ಅಮೆರಿಕದಲ್ಲಿ ಜನಾಂಗ ಬರೆಯುತ್ತಿದ್ದದ್ದು ಮನೆಗೆ ಬಂದ ಗಣತಿದಾರ, ಹೆಚ್ಚಾಗಿ ಮುಖ ನೋಡಿ. 1930ರ ಸೂಚನೆಯಲ್ಲಿ, ಕಪ್ಪು ಜನರ ರಕ್ತ ಎಷ್ಟೇ ಕಮ್ಮಿ ಇದ್ದರೂ 'ನೀಗ್ರೊ' ಅಂತಲೇ ಬರೆಯಬೇಕು ಅಂತ ಇತ್ತು. 1960ರಿಂದ ಜನ ತಾವೇ ತುಂಬುವ ಪದ್ಧತಿ ಬಂತು. ಇದೊಂದು ಬದಲಾವಣೆ ಎಷ್ಟು ದೊಡ್ಡದು ಅನ್ನೋದಕ್ಕೆ ಅಮೆರಿಕದ ಮೂಲನಿವಾಸಿಗಳ ಅಂಕಿ ನೋಡಿ. ಅಲಾಸ್ಕಾದವರೂ ಸೇರಿ 1960ರಲ್ಲಿ ಸುಮಾರು 5.5 ಲಕ್ಷ. 1990ರಲ್ಲಿ ಸುಮಾರು 19.6 ಲಕ್ಷ. ಮೂವತ್ತು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಲು ಸಾಧ್ಯವೇ ಇಲ್ಲ. ಹಿಂದೆ ಬೇರೆ ಕಾಲಂನಲ್ಲಿ ಇದ್ದವರು, ಅಜ್ಜಿಯ ಮೂಲವನ್ನು ಹೇಳಿಕೊಳ್ಳಲು ಹಿಂಜರಿಯುತ್ತಿದ್ದವರು, ಈಗ ತಾವೇ ಗುರುತು ಹಾಕಿದರು.

ಹಾಗಾದರೆ ಅವರವರು ಬರೆದುಕೊಂಡದ್ದೇ ಯಾವಾಗಲೂ ಸರಿ ಅಂತೀರಾ? ಸಭೆಯಲ್ಲಿ ಇದನ್ನು ಒಬ್ಬರು ನಡುವೆಯೇ ಕೇಳಿದರು, ಒಳ್ಳೆ ಪ್ರಶ್ನೆ. ನಾನು ಯಾರು ಅಂತ ತಿಳಿಯಬೇಕಾದರೆ ನನ್ನನ್ನೇ ಕೇಳಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬಾಡಿಗೆಗೆ ಮನೆ ಇಲ್ಲ ಅಂತ ಬಾಗಿಲು ಹಾಕಿದ ಮಾಲೀಕ ನನ್ನ ಫಾರ್ಮ್ ನೋಡಿರಲ್ಲ, ಮುಖ ನೋಡಿರುತ್ತಾನೆ. ಆ ತಾರತಮ್ಯವನ್ನು ಅಳೆಯಬೇಕಾದರೆ 'ಜನ ನಿಮ್ಮನ್ನು ಏನಂತ ತಿಳಿಯುತ್ತಾರೆ' ಅಂತಲೂ ಕೇಳಲೇಬೇಕು. ಎರಡು ಪ್ರಶ್ನೆ, ಎರಡು ಉತ್ತರ. ಒಂದೇ ಚೌಕದಲ್ಲಿ ಎರಡನ್ನೂ ತುರುಕಿದರೆ ಎರಡೂ ಕೆಡುತ್ತವೆ.

ಇನ್ನೊಂದು ಜಾಗ ಇದೆ, ಅಲ್ಲಿ ನಮ್ಮನ್ನು ಕೇಳೋಕೆ ಆಗೋದೇ ಇಲ್ಲ. ಮರಣ ಪ್ರಮಾಣಪತ್ರ. ಅಮೆರಿಕದಲ್ಲಿ ಅದರ ಜನಾಂಗದ ಕಾಲಂ ತುಂಬುವವರು ಸಾಮಾನ್ಯವಾಗಿ ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವರು. ಮನೆಯವರನ್ನು ಕೇಳಿ ಬರೆಯಬೇಕು ಅನ್ನೋದು ನಿಯಮ. ಆದರೆ ದುಃಖದಲ್ಲಿ ಕೂತ ಮನೆಯವರನ್ನು ಅದನ್ನೆಲ್ಲ ಹೇಗೆ ಕೇಳೋದು ಅಂತ ಮುಖ ನೋಡಿ ಬರೆದುಬಿಡುವುದೂ ಉಂಟು. ಬದುಕಿದ್ದಾಗ ತನ್ನನ್ನು ಮೂಲನಿವಾಸಿ ಅಂತ ಬರೆದುಕೊಂಡಿದ್ದವರು ಎಷ್ಟೋ ಜನ ಸತ್ತ ಮೇಲೆ ಬಿಳಿಯರಾಗಿಬಿಟ್ಟಿದ್ದಾರೆ. ಇದರಿಂದ ಮೂಲನಿವಾಸಿಗಳ ಸಾವಿನ ಲೆಕ್ಕ ನಿಜಕ್ಕಿಂತ ಕಮ್ಮಿ ಕಾಣಿಸುತ್ತದೆ. ಸಾವು ಕಮ್ಮಿ ಕಂಡರೆ ಅವರ ಆರೋಗ್ಯ ಪರವಾಗಿಲ್ಲ ಅಂತ ಅನ್ನಿಸುತ್ತೆ. ಅಲ್ಲಿಂದ ಮುಂದಿನದು ನಿಮಗೇ ಗೊತ್ತು.

ಈಗ ಮೊದಲು ಹೇಳಿದ್ದೆನಲ್ಲ, ಜೀವಕ್ಕೆ ಕುತ್ತು ತರುವ ತಪ್ಪು ಅಂತ, ಅದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕ್ರಿಯಾಟಿನಿನ್ ಅನ್ನೋದು ನಮ್ಮ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ರಕ್ತದಲ್ಲಿ ಅದು ಎಷ್ಟು ಉಳಿದಿದೆ ಅಂತ ನೋಡಿ, ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನು ಸೇರಿಸಿ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಒಂದು ಸೂತ್ರದಿಂದ ಅಂದಾಜು ಮಾಡುತ್ತಾರೆ. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಇರುತ್ತದೆ. 2009ರಲ್ಲಿ ಬಂದು ಅಮೆರಿಕದ ತುಂಬ ಬಳಕೆಯಾದ ಸೂತ್ರದ ಕೊನೆಯಲ್ಲಿ ಇನ್ನೊಂದು ಗುಣಾಕಾರ ಇತ್ತು. ರೋಗಿ ಕಪ್ಪು ಜನಾಂಗದವರಾದರೆ ಬಂದ ಅಂಕಿಯನ್ನು 1.159ರಿಂದ ಗುಣಿಸಿ.

ಇಬ್ಬರು ಹೆಂಗಸರು ಅಂದುಕೊಳ್ಳಿ. ಒಂದೇ ವಯಸ್ಸು. ರಕ್ತದಲ್ಲಿ ಒಂದೇ ಅಳತೆಯ ಕ್ರಿಯಾಟಿನಿನ್. ಒಬ್ಬರ ರಿಪೋರ್ಟಿನಲ್ಲಿ 18 ಬರುತ್ತದೆ. ಇನ್ನೊಬ್ಬರದು, ಕಪ್ಪು ಅನ್ನುವ ಚೌಕದಲ್ಲಿ ಗುರುತು ಇದೆ, 18ನ್ನು 1.159ರಿಂದ ಗುಣಿಸಿ 20.9. ಕಿಡ್ನಿ ಕಸಿಗೆ ಕಾಯುವ ಪಟ್ಟಿಯಲ್ಲಿ ದಿನ ಲೆಕ್ಕ ಶುರುವಾಗಬೇಕಾದರೆ ಆ ಅಂಕಿ 20 ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಮೊದಲನೆಯವರ ದಿನ ಇವತ್ತಿನಿಂದ ಎಣಿಕೆ. ಎರಡನೆಯವರಿಗೆ, ನಿಮಗಿನ್ನೂ ಅಷ್ಟು ಕೆಟ್ಟಿಲ್ಲ, ಆಮೇಲೆ ಬನ್ನಿ ಅಂತ ಉತ್ತರ. ಆ ಪಟ್ಟಿಯಲ್ಲಿ ಒಂದೊಂದು ತಿಂಗಳೂ ಬೆಲೆಬಾಳುತ್ತದೆ.

ಸೂತ್ರ ಮಾಡಿದವರಿಗೆ ಯಾರ ಮೇಲೂ ದ್ವೇಷ ಇರಲಿಲ್ಲ. ಅವರ ಅಧ್ಯಯನದಲ್ಲಿದ್ದ ಕಪ್ಪು ಜನರಲ್ಲಿ, ಕಿಡ್ನಿ ಉಳಿದವರಷ್ಟೇ ಕೆಲಸ ಮಾಡುತ್ತಿದ್ದರೂ, ಸರಾಸರಿ ಕ್ರಿಯಾಟಿನಿನ್ ಜಾಸ್ತಿ ಕಂಡಿತ್ತು. ಸ್ನಾಯು ಜಾಸ್ತಿ ಇರಬಹುದು ಅಂತ ಕಾರಣವನ್ನೂ ಕೊಟ್ಟುಕೊಂಡರು. ಆದರೆ ಸರಾಸರಿ ಗುಂಪಿನದು, ಸೂಜಿ ಚುಚ್ಚಿಸಿಕೊಂಡವರು ಒಬ್ಬರು. ಅಪ್ಪ ಕಪ್ಪು, ಅಮ್ಮ ಬಿಳಿ ಆದರೆ? ಸೂತ್ರದಲ್ಲಿ ಅರ್ಧ ಅನ್ನೋದೇ ಇಲ್ಲ, ಹೌದು ಅಥವಾ ಇಲ್ಲ. ನೈಜೀರಿಯಾದಿಂದ ಹೋದ ತಿಂಗಳು ಬಂದವರು, ಇಥಿಯೋಪಿಯಾದವರು, ಏಳೆಂಟು ತಲೆಮಾರಿನಿಂದ ಅಮೆರಿಕದಲ್ಲೇ ಇರುವವರು, ಎಲ್ಲರಿಗೂ ಒಂದೇ 1.159. ಮನುಷ್ಯರಲ್ಲಿ ಬೇರೆಲ್ಲಕ್ಕಿಂತ ಜಾಸ್ತಿ ಅನುವಂಶಿಕ ವೈವಿಧ್ಯ ಇರುವುದೇ ಆಫ್ರಿಕಾದಲ್ಲಿ. ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು, ಮನುಷ್ಯರ ನಡುವಿನ ಅನುವಂಶಿಕ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಭಾಗ ಒಂದೊಂದು ಜನಸಮೂಹದ ಒಳಗೇ ಇದೆ. ಕುಡುಗೋಲು ಕಣ ಕಾಯಿಲೆಯನ್ನೇ ನೋಡಿ, ಸಿಕಲ್ ಸೆಲ್ ಅಂತಾರಲ್ಲ, ರಕ್ತದ ಆನುವಂಶಿಕ ಕಾಯಿಲೆ. ಅದನ್ನು ಕಪ್ಪು ಜನರ ಕಾಯಿಲೆ ಅಂತಾರೆ. ನಿಜದಲ್ಲಿ ಅದು ಮಲೇರಿಯಾ ಹೆಚ್ಚಿದ್ದ ಕಡೆಗಳಲ್ಲಿ ಹರಡಿದೆ, ಗ್ರೀಸಿನಲ್ಲೂ ಇದೆ, ಅರೇಬಿಯಾದಲ್ಲೂ ಇದೆ, ಭಾರತದಲ್ಲೂ ಇದೆ.

2021ರಲ್ಲಿ ಜನಾಂಗ ಇಲ್ಲದ ಹೊಸ ಸೂತ್ರ ಬಂತು. 2023ರಲ್ಲಿ ಅಮೆರಿಕದ ಅಂಗಾಂಗ ಕಸಿ ವ್ಯವಸ್ಥೆ ಕಿಡ್ನಿ ಕಸಿ ಮಾಡುವ ಎಲ್ಲ ಆಸ್ಪತ್ರೆಗಳಿಗೂ ಆದೇಶ ಕೊಟ್ಟಿತು, ಹಳೇ ಸೂತ್ರದಿಂದ ತಡವಾದ ಕಪ್ಪು ರೋಗಿಗಳನ್ನು ಹುಡುಕಿ, ಅವರು ಕಳೆದುಕೊಂಡ ದಿನಗಳನ್ನು ಲೆಕ್ಕಕ್ಕೆ ಸೇರಿಸಿ ಅಂತ. ಸಾವಿರಾರು ಜನರ ಕಾಯುವ ದಿನಗಳು ತಿದ್ದುಪಡಿಯಾದವು.

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ರೋಗಿಗಳನ್ನು ಹುಡುಕಿದ್ದು ಹೇಗೆ? ಕಡತದಲ್ಲಿ 'ಕಪ್ಪು' ಅಂತ ಗುರುತು ಇತ್ತು, ಅದರಿಂದಲೇ. ಸೂತ್ರದ ಒಳಗೆ ಕೂತು ಅನ್ಯಾಯ ಮಾಡಿದ ಅದೇ ಹಣೆಪಟ್ಟಿ, ಆ ಅನ್ಯಾಯವನ್ನು ಸರಿಮಾಡುವಾಗ ಬೇಕೇ ಬೇಕಾಯಿತು. ದೇಹದ ಬಗ್ಗೆ ಹೇಳುವಾಗ ಅದು ತಪ್ಪು. ಆ ದೇಹವನ್ನು ಜಗತ್ತು ಹೇಗೆ ನಡೆಸಿಕೊಂಡಿತು ಅಂತ ಹೇಳುವಾಗ ಅದು ಸರಿ. ನನಗೆ ಈ ವಿಷಯ ಸ್ವಲ್ಪವಾದರೂ ಬಿಡಿಸಿಕೊಂಡಿದ್ದರೆ ಅದು ಈ ಕಿಡ್ನಿ ಕತೆಯಿಂದಲೇ.

ಇದೇ ಕಣ್ಣಿನಿಂದ ಅರಬ್ ಮೂಲದವರ ಕತೆ ನೋಡಬಹುದು. 1915ರಲ್ಲಿ ಸಿರಿಯಾ ಕಡೆಯಿಂದ ಬಂದಿದ್ದ ಜಾರ್ಜ್ ಡೌ ಅನ್ನುವವರು ಕೋರ್ಟಿನಲ್ಲಿ ಹೋರಾಡಿ ತಾನು ಬಿಳಿಯ ಅಂತ ಒಪ್ಪಿಸಿದರು. ಅವತ್ತು ಅದು ಪೌರತ್ವದ ಬಾಗಿಲು. 1977ರ ಸರ್ಕಾರಿ ವ್ಯಾಖ್ಯಾನದಲ್ಲೂ ಯುರೋಪ್, ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯ ಎಲ್ಲ ಮೂಲದವರೂ ಬಿಳಿಯರೇ. ಆದರೆ ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದು ನಿಲ್ಲಿಸುವಾಗ ಯಾರೂ ಅವರನ್ನು ಬಿಳಿಯರು ಅಂತ ನೋಡಲ್ಲ, ಆ ತೊಂದರೆಯನ್ನು ಅಂಕಿಯಲ್ಲಿ ತೋರಿಸೋಣ ಅಂದರೆ ಅವರಿಗೆ ಬೇರೆ ಕಾಲಂ ಇರಲಿಲ್ಲ. ಹೀಗಾಗಿ ಅವರು ವರ್ಷಗಟ್ಟಲೆ ಕೇಳಿ, 2024ರ ಮಾರ್ಚಿನಲ್ಲಿ 'ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ' ಅನ್ನುವ ಬೇರೆ ವರ್ಗ ಒಪ್ಪಿಗೆಯಾಯಿತು. ಅಂದು ಬಿಳಿಯರಾಗಲು ಹೋರಾಟ, ಈಗ ಅಲ್ಲ ಅನ್ನಿಸಿಕೊಳ್ಳಲು ಹೋರಾಟ. ಭಾರತೀಯರದ್ದೂ ಅದೇ. ಥಿಂಡ್ ಬಿಳಿಯ ಅನ್ನಿಸಿಕೊಳ್ಳಲು ಹೋದರು, 1970ರ ದಶಕದಲ್ಲಿ ಅಲ್ಲಿನ ಭಾರತೀಯರು ನಮ್ಮನ್ನು ಬೇರೆಯಾಗಿ ಎಣಿಸಿ ಅಂತ ಕೇಳಿದರು. ಇದನ್ನು ಅವಕಾಶವಾದ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಚೌಕಗಳನ್ನು ಗೀಚಿದವರು ಅವರಲ್ಲ. ಬಾಗಿಲು ಎಲ್ಲಿ ಇಟ್ಟಿದ್ದಾರೋ ಅಲ್ಲೇ ತಾನೇ ತಟ್ಟಬೇಕು?

ಹೆಸರುಗಳ ಬಗ್ಗೆ ಸ್ವಲ್ಪ. ಯುರೋಪಿನಲ್ಲಿ ರೋಮಾ ಜನರನ್ನು ಶತಮಾನಗಳ ಕಾಲ ಜಿಪ್ಸಿ ಅಂದರು, ಈಜಿಪ್ಟಿನಿಂದ ಬಂದವರು ಅನ್ನುವ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು ಅದು. ಅವರ ಭಾಷೆಯ ಬೇರು ಉತ್ತರ ಭಾರತದಲ್ಲಿದೆ. 1971ರಲ್ಲಿ ಲಂಡನ್ ಹತ್ತಿರ ಸೇರಿ ತಮ್ಮ ಹೆಸರನ್ನು ತಾವೇ ಹೇಳಿಕೊಂಡರು. ಇಂಥ ಕಡೆ ವಾದವೇ ಬೇಡ, ಅವರು ಹೇಳಿದ ಹೆಸರಿನಿಂದ ಕರೆಯಿರಿ ಅಷ್ಟೇ. ಆದರೆ ಒಳ್ಳೆ ಮನಸ್ಸಿನಿಂದ ಹೊಸ ಹೆಸರು ಕೊಟ್ಟರೂ ಅದು ಅಂಟಿಕೊಳ್ಳುತ್ತೆ ಅಂತೇನಿಲ್ಲ. ಲ್ಯಾಟಿನ್ ಅಮೆರಿಕ ಮೂಲದವರಿಗೆ ಹೇಳುವ ಲ್ಯಾಟಿನೊ ಅನ್ನೋದರಲ್ಲಿ ಗಂಡು ಧ್ವನಿ ಇದೆ ಅಂತ 'ಲ್ಯಾಟಿನೆಕ್ಸ್' ಅನ್ನುವ ಪದ ಬಂತು. ಪ್ಯೂ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಆ ಸಮುದಾಯದ ವಯಸ್ಕರಲ್ಲಿ ಅದನ್ನು ತಮಗೆ ಬಳಸಿಕೊಳ್ಳುವವರು ನೂರಕ್ಕೆ 4.

1928ರಲ್ಲಿ ಒಬ್ಬ ಶಾಲಾ ಹುಡುಗ, ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಬರೆದು ಹೋರಾಡಿದ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದ, ನಮ್ಮನ್ನು ನೀಗ್ರೊ ಅಂತ ಯಾಕೆ ಬರೆಯುತ್ತೀರಿ ಅಂತ. ಅವರ ಉತ್ತರದ ತಿರುಳು, ಹೆಸರನ್ನೇ ವಸ್ತು ಅಂತ ತಿಳಿಯಬೇಡ, ಹೆಸರು ಬದಲಾದರೆ ತಿರಸ್ಕಾರ ಹೋಗಲ್ಲ ಅಂತ. ಅವರ ಮಾತಿಗೆ ನಾನು ತಲೆಬಾಗುತ್ತೇನೆ, ಆದರೂ ಪೂರ್ತಿ ಒಪ್ಪೋಕೆ ಆಗಲ್ಲ. 'ನೀಗ್ರೊ' ಅನ್ನುವ ಪದ 2010ರ ಗಣತಿಯ ಫಾರ್ಮಿನಲ್ಲೂ ಉಳಿದಿತ್ತು. ಅದನ್ನು ಓದಿ ನೊಂದವರು ಮೂರ್ಖರಲ್ಲ. ಅಂದಹಾಗೆ, 2020ರಲ್ಲಿ ಅಮೆರಿಕದ ಪತ್ರಿಕೆಗಳು ಬ್ಲ್ಯಾಕ್ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಿದವು, ಬಣ್ಣವಲ್ಲ, ಒಂದು ಸಮುದಾಯ ಅಂತ ತೋರಿಸಲು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಅನುವಾದ ಮಾಡುವವರು ಆ ಗೌರವವನ್ನು ಬೇರೆ ದಾರಿಯಲ್ಲಿ ತರಬೇಕು.

ರುವಾಂಡಾದ ಬಗ್ಗೆ ಹೇಳದೆ ಮುಗಿಸೋಕೆ ಆಗಲ್ಲ. ಹುಟು, ಟುಟ್ಸಿ, ಟ್ವಾ ಅಂತ ಅಲ್ಲಿ ಮೂರು ಸಮುದಾಯ, ಮೂವರ ಭಾಷೆಯೂ ಒಂದೇ, ಕಿನ್ಯರುವಾಂಡ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಯಾರು ಯಾವ ಸಮುದಾಯ ಅನ್ನೋದನ್ನು ಅಚ್ಚು ಹಾಕಿಸಿತು. 1994ರಲ್ಲಿ ಟುಟ್ಸಿಗಳ ನರಮೇಧ ನಡೆದಾಗ ಕೊಲ್ಲುವವರು ರಸ್ತೆಗೆ ಅಡ್ಡ ಕಟ್ಟಿ ಆ ಚೀಟಿ ಕೇಳುತ್ತಿದ್ದರು. ಟುಟ್ಸಿ ಅಂತ ಇದ್ದವರನ್ನು ಅಲ್ಲೇ ಕೊಂದರು. ಆ ಚೀಟಿಯಲ್ಲಿದ್ದದ್ದು ನಿಖರವೋ ಅಲ್ಲವೋ ಅಂತ ಅಲ್ಲಿ ಯಾರೂ ಚರ್ಚೆ ಮಾಡುತ್ತಿರಲಿಲ್ಲ. ಹೆಸರಿನ ಪಕ್ಕ ಬರೆದಿತ್ತು, ಅಳಿಸಲು ಬರುತ್ತಿರಲಿಲ್ಲ. ಗಣತಿಯ ಉತ್ತರವನ್ನು ಒಟ್ಟು ಲೆಕ್ಕದಲ್ಲಿ ಮಾತ್ರ ತೋರಿಸಬೇಕು, ಯಾರ ಹೆಸರಿನ ಜೊತೆಗೂ ಹೊರಗೆ ಬಿಡಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು, ಹಾಗಾದರೆ ಇವನ್ನೆಲ್ಲ ತೆಗೆದೇ ಬಿಡಬಾರದಾ? ಫ್ರಾನ್ಸ್ ಹೆಚ್ಚುಕಡಿಮೆ ಹಾಗೆ ಮಾಡಿದೆ. ಅಲ್ಲಿನ ಗಣತಿ ಜನಾಂಗ ಕೇಳಲ್ಲ, 1978ರ ಕಾನೂನು ಅಂಥ ಮಾಹಿತಿ ಸೇರಿಸುವುದಕ್ಕೆ ಗಟ್ಟಿ ತಡೆ ಹಾಕಿದೆ. ಅದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ, ಪಟ್ಟಿ ಮಾಡಿ ಯಹೂದಿಗಳನ್ನು ನಾಜಿಗಳಿಗೆ ಹಿಡಿದುಕೊಟ್ಟ ನೆನಪು ಆ ದೇಶಕ್ಕಿದೆ. ಆದರೆ ಕೆಲಸ ಕೊಡುವವರ ತಾರತಮ್ಯ ಅಳೆಯಬೇಕಾದರೆ ಅಲ್ಲಿನ ಸಂಶೋಧಕರು ಒಂದೇ ಬಯೋಡೇಟಾವನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ಯಾರಿಗೆ ಕರೆ ಬರುತ್ತೆ ಅಂತ ನೋಡಬೇಕು. ಫಾರ್ಮಿನಲ್ಲಿ ಚೌಕ ಇಲ್ಲದಿದ್ದರೂ ಕೆಲಸ ಕೊಡುವವನ ತಲೆಯಲ್ಲಿ ಚೌಕ ಇರುತ್ತದೆ.

ಕೊನೆಯಲ್ಲಿ ಒಬ್ಬ ತಾಯಿ ಬಂದರು. ಗಂಡ ಅಮೆರಿಕದ ಕಪ್ಪು ಸಮುದಾಯದವರು, ಇವರು ಭಾರತೀಯ ಮೂಲದವರು. ಮಗನಿಗೆ ಯಾವುದಕ್ಕೆ ಗುರುತು ಹಾಕಲಿ ಅಂತ ಕೇಳಿದರು. ಎರಡಕ್ಕೂ ಹಾಕಿ ಅಂದೆ. 2000ದ ಗಣತಿಯಿಂದ ಅದಕ್ಕೆ ಅವಕಾಶ ಇದೆ. 2020ರಲ್ಲಿ ಒಂದಕ್ಕಿಂತ ಜಾಸ್ತಿ ಜನಾಂಗದ ಲೆಕ್ಕಕ್ಕೆ ಬಂದವರು 3.38 ಕೋಟಿ, ಅದಕ್ಕೆ ಹತ್ತು ವರ್ಷ ಹಿಂದೆ 90 ಲಕ್ಷ. ಈ ಏರಿಕೆಯಲ್ಲಿ ದೊಡ್ಡ ಪಾಲು ಪ್ರಶ್ನೆ ಕೇಳುವ ರೀತಿ, ಉತ್ತರ ಓದುವ ರೀತಿ ಬದಲಾದದ್ದರಿಂದ ಬಂದದ್ದು. ಚೌಕದ ಕೆಳಗೆ ಗೆರೆ ಇದೆ, ಅಲ್ಲಿ ನಿಮ್ಮ ಮಾತಲ್ಲಿ ಬರೆಯಿರಿ ಅಂದೆ. ಅವನು ದೊಡ್ಡವನಾದ ಮೇಲೆ ಬೇರೆ ಥರ ಬರೆದರೆ ಬರೆಯಲಿ, ಸುಳ್ಳು ಹೇಳಿದ ಹಾಗೆ ಆಗಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ ಮಾತ್ರ, ಇದು ಲೆಕ್ಕಕ್ಕೋ ಚಿಕಿತ್ಸೆಗೋ ಅಂತ ವಾಪಸ್ ಕೇಳಿ. ಚಿಕಿತ್ಸೆಗೆ ಅಂದರೆ, ಯಾವ ಸೂತ್ರದಲ್ಲಿ ಹಾಕುತ್ತೀರಿ, ಯಾಕೆ ಅಂತ ಬಿಡಿಸಿ ಹೇಳೋಕೆ ಹೇಳಿ. ಅವರು ಫೋನ್ ತೆಗೆದು ಅದನ್ನು ಬರೆದುಕೊಂಡರು.